ಚಪ್ಪರ ಏಳುವ ಮುನ್ನ

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ರಾಮನವಮಿಯ ಚಪ್ಪರ ಎದ್ದಿತೆಂದರೆ ರಸಿಕರಿಗೆ ತಿಂಗಳಿಡೀ ಹಬ್ಬ. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಕಟ್ಟಿದ ಶ್ರೀ ರಾಮಸೇವಾ ಮಂಡಳಿಯ ಈ ಉತ್ಸವದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ಭೀಮಸೇನ ಜೋಶಿ ಹಾಡಿದ್ದಾರೆ. ಆ ಸಂಜೆಗಳನ್ನು ನೆನೆಯುವವರು ಬೇಕಾದಷ್ಟು ಜನ. ಅವುಗಳ ಹಿಂದಿನ ದುಡಿಮೆಯ ಮಾತೆತ್ತುವವರು ಕಡಿಮೆ. ನನ್ನ ಮಟ್ಟಿಗೆ ಆ ದುಡಿಮೆಯೂ ಸಂಗೀತದ್ದೇ ಭಾಗ.

ಮೊದಲ ತಲೆನೋವು ತಾರೀಖಿನದು. ರಾಮನವಮಿ 2023ರಲ್ಲಿ ಮಾರ್ಚ್ 30ಕ್ಕೆ ಬಂತು, 2024ರಲ್ಲಿ ಏಪ್ರಿಲ್ 17ಕ್ಕೆ, 2025ರಲ್ಲಿ ಏಪ್ರಿಲ್ 6ಕ್ಕೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆದುಬಂದಿರುವ ತ್ಯಾಗರಾಜ ಆರಾಧನೆಯೂ ಈಸ್ಟರಿನ ಆಸುಪಾಸಿನಲ್ಲೇ. ಹೆಸರಾಂತ ಕಲಾವಿದರು ವಿಮಾನ ಹತ್ತುವುದು ಇದೇ ದಿನಗಳಲ್ಲಿ. ಹಾಗಾಗಿ ಗಾಯಕರ ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಯಾವ ಸಂಘಟಕರೂ ನಿಟ್ಟುಸಿರು ಬಿಡುವಂತಿಲ್ಲ. ಪಕ್ಕವಾದ್ಯದವರೂ ಅದೇ ದಿನ ಊರಲ್ಲಿರಬೇಕು.

ಅವರನ್ನು ಗೊತ್ತುಮಾಡುವಾಗ ದಿನ, ಹೊತ್ತು ತಿಳಿಸಿದರಷ್ಟೇ ಸಾಲದು, ಹಾಡುವವರ ಶ್ರುತಿಯನ್ನೂ ತಿಳಿಸಬೇಕು. ಗಾಯಕರಿಗೆ ಬಾರಿಸುವ ತಗ್ಗು ಶ್ರುತಿಯ ಮೃದಂಗವನ್ನು ಗಾಯಕಿಯ ಏರು ಶ್ರುತಿಗೆ ಬಿಗಿಯುತ್ತ ಹೋದರೆ ನಾದ ಕೆಡುತ್ತದೆ. ಅದಕ್ಕೆ ಬೇರೆಯದೇ ಮೃದಂಗ ಬೇಕು. ಘಟದ ಶ್ರುತಿಯಂತೂ ಬಹುಮಟ್ಟಿಗೆ ಕುಂಬಾರನ ಆವಿಗೆಯಲ್ಲೇ ನಿಶ್ಚಯವಾಗಿರುತ್ತದೆ. ಕೊನೆಗಳಿಗೆಯಲ್ಲಿ ಗಾಯಕರು ಬದಲಾದ ಸುದ್ದಿ ಮುಟ್ಟದಿದ್ದರೆ, ವಿದ್ವಾಂಸರು ಶ್ರುತಿಗೆ ಹೊಂದದ ಘಟ ಹಿಡಿದು ವೇದಿಕೆ ಹತ್ತುತ್ತಾರೆ. ಒಂದು ಫೋನ್ ಕರೆಯಿಂದ ತಪ್ಪಿಸಬಹುದಾದ ಅನಾಹುತ!

ಚಪ್ಪರದಲ್ಲಿ ಸೆಕೆ ಬೇರೆ. ಫ್ಯಾನು ವೇದಿಕೆಯತ್ತ ತಿರುಗಿದರೆ ಮೈಕಿನಲ್ಲಿ ಗಾಳಿಯ ಸದ್ದು. ಮೃದಂಗದ ಎಡಮುಖಕ್ಕೆ ಮೆತ್ತಿದ ರವೆ ಹಿಟ್ಟೂ ಬೇಗ ಒಣಗುತ್ತದೆ. ತಂಬೂರಿಯನ್ನು ನುಂಗದೆ, ಪಿಟೀಲನ್ನು ಕಿರುಚಿಸದೆ ಧ್ವನಿ ಹೊಂದಿಸಲು ಕಛೇರಿ ಕೇಳಿ ಪಳಗಿದ ಕಿವಿಯೇ ಬೇಕು. ಉತ್ಸವದುದ್ದಕ್ಕೂ ಒಬ್ಬರೇ ಧ್ವನಿ ತಂತ್ರಜ್ಞರನ್ನು ಇಟ್ಟುಕೊಳ್ಳುವ ಖರ್ಚನ್ನು ಯಾವ ಸಮಿತಿಯೂ ಕಡಿತಗೊಳಿಸಬಾರದು. ಹೂವಿನ ಅಲಂಕಾರ ಬೇಕಾದರೆ ಅರ್ಧಕ್ಕಿಳಿಯಲಿ.

ಮಳೆ, ಕರೆಂಟು, ಪ್ರಾಯೋಜಕರು, ಟಿಕೆಟ್ಟು ಎಲ್ಲ ಇದ್ದದ್ದೇ. ನನಗೆ ಹೆಚ್ಚು ಸಂಕಟವಾಗುವುದು ಸಮಯದ ವಿಚಾರದಲ್ಲಿ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಅತ್ತ ಸಂಜೆ ಸನ್ಮಾನ, ಭಾಷಣಗಳು ಅರ್ಧ ಗಂಟೆ ತಿಂದರೆ, ಇತ್ತ ಕತ್ತರಿ ಬೀಳುವುದು ತನಿ ಆವರ್ತನಕ್ಕೆ. ಮೃದಂಗ, ಘಟದವರು ಕಛೇರಿಯುದ್ದಕ್ಕೂ ಕಾದಿರುವುದು ಆ ಕೆಲವು ನಿಮಿಷಗಳಿಗೆ. ಸನ್ಮಾನಕ್ಕೆ ಉತ್ಸವದಲ್ಲಿ ಬೇರೆ ದಿನವನ್ನೇ ಇಡಲಿ. ಇನ್ನು ಸಂಭಾವನೆ: ಪಕ್ಕವಾದ್ಯದವರದ್ದನ್ನೂ ಮುಖ್ಯ ಕಲಾವಿದರದ್ದರ ಜೊತೆಗೇ ಮಾತಾಡಿ ನಿಗದಿಮಾಡಿ, ಅಂದೇ ರಾತ್ರಿ, ಅವರು ವಾದ್ಯ ಕಟ್ಟಿಕೊಳ್ಳುವಾಗಲೇ ಕೈಗಿಡಬೇಕು.