ಆರು ಗಂಟೆಯ ಹೊಗೆ, ಅರ್ಧ ಗಂಟೆಯ ಆವಿ

1682ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕೆಲವು ಸದಸ್ಯರು ಒಂದು ವಿಚಿತ್ರ ಊಟಕ್ಕೆ ಕೂತರು. ಅಡುಗೆ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿಯದು. ಬಿಗಿಯಾಗಿ ಮುಚ್ಚಿದ ಅವನ ಪಾತ್ರೆಯಲ್ಲಿ ಬೆಂದ ದನ, ಕುರಿಗಳ ಗಟ್ಟಿ ಮೂಳೆಗಳೂ ಚೀಸ್‌ನಷ್ಟು ಮೆತ್ತಗಾಗಿದ್ದವೆಂದು ಊಟಕ್ಕೆ ಹೋಗಿದ್ದ ಜಾನ್ ಈವ್ಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪಾಪಿನ್ ತನ್ನ ಪುಸ್ತಕದ ಹೆಸರಿನಲ್ಲೇ ಅದನ್ನು ಮೂಳೆ ಮೆದುಗೊಳಿಸುವ ಯಂತ್ರ ಎಂದು ಕರೆದುಕೊಂಡಿದ್ದ. ಇಂದಿನ ಪ್ರೆಷರ್ ಕುಕ್ಕರಿನ ಮೂಲ ಅದೇ.

ಹಾಗಿದ್ದರೂ ಕುಕ್ಕರಿನಲ್ಲಿ ಹಂದಿಯ ಪಕ್ಕೆಲುಬು ಬೇಯಿಸಿ ಬಾರ್ಬೆಕ್ಯೂ ಎಂದರೆ ಅಮೆರಿಕದ ಬಾರ್ಬೆಕ್ಯೂ ಪಂಡಿತರು ಮುಖ ಸಿಂಡರಿಸುತ್ತಾರೆ. ಕಾನ್ಸಾಸ್ ಸಿಟಿಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಹೆನ್ರಿ ಪೆರ್ರಿ ಎಂಬ ಆಫ್ರಿಕನ್ ಅಮೆರಿಕನ್ ಬಾಣಸಿಗ ಹೊಗೆಯಲ್ಲಿ ಬೆಂದ ಮಾಂಸವನ್ನು ಪೇಪರಿನಲ್ಲಿ ಸುತ್ತಿ ಮಾರುತ್ತಿದ್ದ. ಆ ಊರಿಗೆ ಟೊಮೆಟೊ, ಕಾಕಂಬಿ ಬೆರೆತ ದಪ್ಪ ಸಾಸ್ ಬೇಕು. ಮೆಂಫಿಸ್‌ನವರಿಗೆ ಒಣ ಮಸಾಲೆ ಸವರಿದ್ದೇ ಇಷ್ಟ. ರುಚಿಯಲ್ಲಿ ಜಗಳವಿದ್ದರೂ ನಿಧಾನದ ವಿಷಯದಲ್ಲಿ ಇಬ್ಬರೂ ಒಂದೇ. ಹಿತ್ತಲಿನಲ್ಲಿ ಮಾಡುವವರ ಜನಪ್ರಿಯ ಲೆಕ್ಕ 3-2-1: ಮೂರು ಗಂಟೆ ಹೊಗೆ, ಎರಡು ಗಂಟೆ ಫಾಯಿಲ್ ಸುತ್ತಿ, ಕೊನೆಯ ಒಂದು ಗಂಟೆ ಸಾಸ್ ಬಳಿದು.

ಕುಕ್ಕರಿಗೆ ಇದರಲ್ಲಿ ಅರ್ಧ ಗಂಟೆ ಸಾಕಾಗುವುದು ಹೇಗೆ?

ಬೆಂಕಿ ಜಾಸ್ತಿ ಇರುವುದರಿಂದ ಎಂದುಕೊಂಡರೆ ತಪ್ಪು. ಹೊಗೆಗೂಡಿನ ಗಾಳಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಕುಕ್ಕರಿನ ಆವಿ ಹೆಚ್ಚೆಂದರೆ 121. ವ್ಯತ್ಯಾಸ ಇರುವುದು ಮಾಂಸದ ಬೆವರಿನಲ್ಲಿ. ಒಣ ಗಾಳಿಯಲ್ಲಿ ಮಾಂಸದ ಮೇಲಿನ ತೇವ ಆರುತ್ತಾ ಮಾಂಸವನ್ನು ತಂಪಾಗಿಡುತ್ತದೆ. ಬ್ರಿಸ್ಕೆಟ್ ಎಂಬ ದನದ ಎದೆಭಾಗದ ದಪ್ಪ ತುಂಡಾದರೆ ಒಳಗಿನ ಬಿಸಿ 65ರಿಂದ 75 ಡಿಗ್ರಿಯ ನಡುವೆ ಗಂಟೆಗಟ್ಟಲೆ ಅಲುಗಾಡದೆ ನಿಂತುಬಿಡುತ್ತದೆ. ಫಾಯಿಲ್ ಸುತ್ತುವುದೂ ಈ ಆರುವಿಕೆಯನ್ನು ತಡೆಯಲಿಕ್ಕೇ. ಕುಕ್ಕರಿನೊಳಗೆ ಆವಿ ತುಂಬಿರುವುದರಿಂದ ತೇವ ಆರುವ ಮಾತೇ ಇಲ್ಲ. ಮಾಂಸವೇ 100 ಡಿಗ್ರಿ ದಾಟುತ್ತದೆ, ನಾರುಗಳನ್ನು ಹಿಡಿದಿಟ್ಟ ಕೊಲಾಜೆನ್ ಬೇಗ ಕರಗಿ ಜೆಲಟಿನ್ ಆಗುತ್ತದೆ.

ಆದರೆ ಆವಿಗೆ ಮಾಂಸವನ್ನು ಕಂದಾಗಿಸಲು ಬರುವುದಿಲ್ಲ. ಒದ್ದೆ ಮೇಲ್ಮೈಯಲ್ಲಿ ಹುರಿದ ಘಮ ಹುಟ್ಟದು, ಸಕ್ಕರೆ ಕ್ಯಾರಮೆಲ್ ಆಗದು. ಹೊಗೆಯಂತೂ ಇಲ್ಲವೇ ಇಲ್ಲ. ಹಾಗಾಗಿ ಕುಕ್ಕರಿನ ಬಾರ್ಬೆಕ್ಯೂ ಎರಡು ಹಂತದ ಕೆಲಸ: ಮೆತ್ತಗಾಗಿಸಲು ಆವಿ, ಬಣ್ಣ ಬರಿಸಲು ಒಣ ಬಿಸಿ.

ಮೊದಲು ಶುಚಿ ಮಾಡುವ ಕೆಲಸ. ಪಕ್ಕೆಲುಬಿನ ಒಳಬದಿಗೆ ತೆಳು ಪೊರೆಯೊಂದು ಅಂಟಿಕೊಂಡಿರುತ್ತದೆ. ಎಷ್ಟು ಬೇಯಿಸಿದರೂ ಅದು ರಬ್ಬರಿನಂತೆ ಹಲ್ಲಿಗೆ ಸಿಗುತ್ತದೆ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ತುದಿಯ ಮೂಳೆಯ ಮೇಲೆ ಮೊಂಡು ಚಾಕು ತೂರಿಸಿ ಪೊರೆಯನ್ನು ಎಬ್ಬಿಸಬೇಕು. ಕೈ ಜಾರುವುದರಿಂದ ಅದನ್ನು ಪೇಪರ್ ಟವೆಲ್‌ನಿಂದ ಹಿಡಿದು ಎಳೆದರೆ ಉದ್ದಕ್ಕೂ ಸುಲಿದು ಬರುತ್ತದೆ. ಒಂದು ಪಟ್ಟಿ ಪಕ್ಕೆಲುಬಿಗೆ ಎರಡು ದೊಡ್ಡ ಚಮಚ ಕಂದು ಸಕ್ಕರೆ, ಒಂದು ದೊಡ್ಡ ಚಮಚ ಪ್ಯಾಪ್ರಿಕಾ, ಎರಡು ಸಣ್ಣ ಚಮಚ ಉಪ್ಪು, ಜೊತೆಗೆ ಕಾಳುಮೆಣಸು ಮತ್ತು ಬೆಳ್ಳುಳ್ಳಿ ಪುಡಿ ಬೆರೆಸಿ ಉಜ್ಜಿದರಾಯಿತು.

ಕುಕ್ಕರಿನ ತಳಕ್ಕೆ ಒಂದು ಕಪ್ ನೀರು, ಸ್ವಲ್ಪ ಆಪಲ್ ಸೈಡರ್ ವಿನೆಗರ್. ಮೇಲೆ ಜಾಲರಿ ಇಟ್ಟು ಪಟ್ಟಿಯನ್ನು ಸುರುಳಿ ಮಾಡಿ ನಿಲ್ಲಿಸಬೇಕು. ಸಾಸ್ ಈಗಲೇ ಸುರಿದರೆ ಸಕ್ಕರೆ ತಳ ಹಿಡಿದು ಸೀಯುತ್ತದೆ. ಇನ್‌ಸ್ಟಂಟ್ ಪಾಟ್‌ನಂಥ ವಿದ್ಯುತ್ ಕುಕ್ಕರಿನಲ್ಲಿ ಬೆನ್ನಿನ ಬದಿಯ ಚಿಕ್ಕ ಪಕ್ಕೆಲುಬಿಗೆ 25 ನಿಮಿಷ, ಹೊಟ್ಟೆಯ ಬದಿಯ ದೊಡ್ಡದಕ್ಕೆ 35. ಭಾರತದ ಕುಕ್ಕರಾದರೆ ಕೂಗು ಎಣಿಸುವ ಬದಲು ಮೊದಲ ಕೂಗಿನ ನಂತರ ಉರಿ ಸಣ್ಣಗೆ ಮಾಡಿ ಗಡಿಯಾರ ನೋಡುವುದು ವಾಸಿ. ವೆಯ್ಟ್ ಎತ್ತಿ ಆವಿ ಬಿಡುವ ಆತುರ ಬೇಡ. ಒತ್ತಡ ತಾನಾಗಿ ಇಳಿದರೆ ಮಾಂಸದ ರಸ ಉಳಿಯುತ್ತದೆ.

ಕೊಡಗಿನ ಎಷ್ಟೋ ಮನೆಗಳಲ್ಲಿ ಪಂದಿ ಕರಿ ಆಗುವುದೂ ಹೆಚ್ಚುಕಡಿಮೆ ಹೀಗೆಯೇ: ಮಾಂಸ ಕುಕ್ಕರಿನಲ್ಲಿ ಕೂಗುತ್ತದೆ, ಬಳಿಕ ಮುಚ್ಚಳ ತೆಗೆದು ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿ ಕಪ್ಪು ಬಣ್ಣ ಬರುವವರೆಗೆ ಬತ್ತಿಸುತ್ತಾರೆ. ಅಮೆರಿಕದ ಅಡುಗೆಮನೆಯಲ್ಲಿ ಎರಡನೇ ಹಂತಕ್ಕೆ ಓವನ್ನಿನಲ್ಲಿ ಮೇಲಿನಿಂದ ಬಿಸಿ ಬೀರುವ ಬ್ರಾಯ್ಲರ್ ಇದೆ. ಇಲ್ಲಿಯವರಿಗೆ ಓಟಿಜಿಯ ಮೇಲಿನ ಕಾಯಿಲ್ ಆದೀತು. ಪಟ್ಟಿಯನ್ನು ಒರೆಸಿ ತೇವ ಆರಿಸಿ, ಸಾಸ್ ಬಳಿದು, ಅಂಚು ಅಲ್ಲಲ್ಲಿ ಕಪ್ಪಾಗುವವರೆಗೆ ಐದಾರು ನಿಮಿಷ ಇಟ್ಟರೆ ಸಾಕು. ಹೊಗೆಯ ವಾಸನೆ ಬೇಕೇಬೇಕೆಂದರೆ ಮರದ ಹೊಗೆಯನ್ನು ತಣಿಸಿ ನೀರಿಗಿಳಿಸಿದ ಲಿಕ್ವಿಡ್ ಸ್ಮೋಕ್ ಸಿಗುತ್ತದೆ. ಸಾಸ್‌ಗೆ ಕೆಲವೇ ಹನಿ ಬೆರೆಸಬೇಕು, ಹೆಚ್ಚಾದರೆ ಕಹಿ.

ಮೂಳೆಯಿಂದ ಮಾಂಸ ಉದುರಿ ಬೀಳುವುದೇ ಹದವೆಂದು ಮನೆಗಳಲ್ಲಿ ಹೊಗಳುತ್ತಾರೆ. ಸ್ಪರ್ಧೆಯ ತೀರ್ಪುಗಾರರಿಗೆ ಅದು ಅತಿಯಾಗಿ ಬೆಂದದ್ದು. ಕಚ್ಚಿದ ಕಡೆ ಮಾತ್ರ ಬಿಟ್ಟು ಉಳಿದದ್ದು ಮೂಳೆಗೇ ನಿಂತಿರಬೇಕು ಎನ್ನುವುದು ಅವರ ಅಳತೆ. ಅಂಥ ಹದ ಬೇಕಾದವರು ಕುಕ್ಕರಿನ ಸಮಯದಲ್ಲಿ ನಾಲ್ಕೈದು ನಿಮಿಷ ಕಡಿಮೆ ಮಾಡುತ್ತಾರೆ. ನೆಂಟರು ಬರುವ ದಿನ ಮೊದಲ ಹಂತವನ್ನು ಹಿಂದಿನ ರಾತ್ರಿಯೇ ಮುಗಿಸಿ ಫ್ರಿಜ್‌ನಲ್ಲಿಡಬಹುದು. ತಣ್ಣಗಾದ ಪಟ್ಟಿ ಗಟ್ಟಿಯಾಗಿರುವುದರಿಂದ ಮುರಿಯದೆ ಕೈಗೆ ಬರುತ್ತದೆ. ಮರುದಿನ ಅದನ್ನು ಫಾಯಿಲ್‌ನಲ್ಲಿ ಸುತ್ತಿ ಒಳಗಿನವರೆಗೂ ಬಿಸಿ ಮಾಡಿ, ಆಮೇಲೆ ಸಾಸ್ ಬಳಿದು ಬ್ರಾಯ್ಲರ್ ಕೆಳಗಿಡುತ್ತಾರೆ.