ಗಾಳಿಯಿಂದ ಬಿಸಿನೀರು

ದಕ್ಷಿಣ ಬೆಂಗಳೂರಿನ ಗೃಹಸ್ಥರ ಮನೆಗಳಲ್ಲಿ ಬೆಳಗಿನ ಮೊದಲ ಪ್ರಶ್ನೆ ‘ಕಾಫಿ ಆಯಿತೇ?’ ಎಂಬುದೆಂದು ಹೊರಗಿನವರು ತಿಳಿದಿರುವುದುಂಟು. ಅದು ಎರಡನೆಯ ಪ್ರಶ್ನೆ. ಮೊದಲನೆಯದು ‘ನೀರು ಕಾದಿದೆಯೇ?’ ಎಂಬುದು. ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದಲ್ಲಿರುವ ಈ ಊರಿನಲ್ಲಿ ಧನುರ್ಮಾಸದ ನಸುಕಿನಲ್ಲಿ ತೊಟ್ಟಿಯ ನೀರನ್ನು ಹಾಗೆಯೇ ಮೈಮೇಲೆ ಸುರಿದುಕೊಳ್ಳುವುದು ತಪಸ್ವಿಗಳಿಗೆ ಸಾಧ್ಯವಾದೀತೇ ಹೊರತು ಸಂಸಾರಿಗಳಿಗಲ್ಲ.

ನಮ್ಮ ತಾಯಿಯವರ ಬಾಲ್ಯದಲ್ಲಿ ಬಚ್ಚಲ ಮನೆಯ ಹಂಡೆಯೊಲೆಯೇ ಈ ಪ್ರಶ್ನೆಗೆ ಉತ್ತರವಾಗಿದ್ದಿತು. ತೆಂಗಿನ ಮಟ್ಟೆ, ಕರಟ, ಸೌದೆ, ಮತ್ತು ಇವೆಲ್ಲವನ್ನೂ ಊದಿ ಊದಿ ಕಣ್ಣು ಕೆಂಪಾದ ಒಬ್ಬ ಹೆಣ್ಣುಮಗಳು. ಬಳಿಕ ನಡುವೆ ಕೊಳವೆಯಿರುವ ತಾಮ್ರದ ಬಾಯ್ಲರು ಬಂದಿತು. ಅದರ ತರುವಾಯ ಗೋಡೆಗೆ ನೇತುಹಾಕುವ ವಿದ್ಯುತ್ತಿನ ಗೀಸರು. ಆಮೇಲೆ ತಾರಸಿಯ ಮೇಲಿನ ಸೋಲಾರ್ ಹೀಟರು. ೨೦೦೭ನೆಯ ಇಸವಿಯಲ್ಲಿ ಸರ್ಕಾರದವರು ಕೆಲವು ಬಗೆಯ ಕಟ್ಟಡಗಳಿಗೆ ಸೋಲಾರನ್ನು ಕಡ್ಡಾಯಗೊಳಿಸಿದ ಮೇಲಂತೂ ಜಯನಗರ, ಬನಶಂಕರಿ, ಜೆ. ಪಿ. ನಗರಗಳ ತಾರಸಿಗಳೆಲ್ಲ ಕರಿಯ ಫಲಕಗಳನ್ನು ಹೊದ್ದುಕೊಂಡುವು. ನಮ್ಮ ಮನೆಯ ತಾರಸಿಯೂ ಹೊದ್ದುಕೊಂಡಿತು. ಹಲವು ವರ್ಷಕಾಲ ನಾವು ಸೂರ್ಯನಾರಾಯಣನ ಕೃಪೆಯಿಂದ ಸುಖವಾಗಿ ಸ್ನಾನಮಾಡಿದೆವು.

ಈ ಸುಖಕ್ಕೆ ಕುತ್ತು ಬಂದದ್ದು ದಕ್ಷಿಣ ದಿಕ್ಕಿನಿಂದ. ೧೯೪೮ರಲ್ಲಿ ಅಸ್ತಿಭಾರ ಹಾಕಲ್ಪಟ್ಟ ಜಯನಗರದಲ್ಲಿ ಮೊದಲು ಇದ್ದುವು ತಗ್ಗಾದ ಮನೆಗಳು, ಮುಂದೊಂದು ಸಂಪಿಗೆ ಗಿಡ, ಹಿಂದೊಂದು ಬಾವಿ. ಈಗ ಅವುಗಳ ಸ್ಥಳದಲ್ಲಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟುಗಳು ಏಳುತ್ತಿರುವುವು. ನಮ್ಮ ದಕ್ಷಿಣದ ನೆರೆಯಲ್ಲಿಯೂ ಒಂದು ಎದ್ದಿತು. ಬೇಸಗೆಯಲ್ಲಿ ಸೂರ್ಯನು ನೆತ್ತಿಯ ಮೇಲಿರುವುದರಿಂದ ಬಾಧೆ ತೋರಲಿಲ್ಲ. ಆದರೆ ಮಾರ್ಗಶಿರ ಪುಷ್ಯಗಳಲ್ಲಿ ಅವನು ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲಿಯೂ ನಮ್ಮ ಊರಿನ ಆಕಾಶದಲ್ಲಿ ಸುಮಾರು ೫೩ ಅಂಶಗಳಷ್ಟೇ ಎತ್ತರಕ್ಕೆ ಏರುವನು. ಹೀಗಾಗಿ ಬಿಸಿನೀರು ಅತ್ಯಗತ್ಯವಾದ ಎರಡು ತಿಂಗಳಲ್ಲೇ ನಮ್ಮ ಫಲಕದ ಮೇಲೆ ನೆರೆಯವರ ಗೋಡೆಯ ನೆರಳು ಕುಳಿತುಬಿಟ್ಟಿತು. ನೆರೆಯವರನ್ನು ದೂರುವಂತಿಲ್ಲ, ಅವರ ನಿವೇಶನ, ಅವರ ಕಟ್ಟಡ.

ತಾಯಿಯವರಿಗೆ ಎಂಬತ್ತು ದಾಟಿದೆ. ಮೊಣಕಾಲುಗಳು ಹಿಡಿದುಕೊಂಡಿವೆ. ಬೆಳಗ್ಗೆ ಐದು ಗಂಟೆಗೆ ಸ್ನಾನವಾಗದೆ ಅವರು ತೊಟ್ಟು ನೀರನ್ನೂ ಬಾಯಿಗೆ ಹಾಕುವವರಲ್ಲ. ಒಂದು ದಿನ ಅವರು ಉಗುರುಬೆಚ್ಚಗಿನ ನೀರಿನಲ್ಲಿಯೇ ಸ್ನಾನ ಮುಗಿಸಿ, ನಡುಗುತ್ತ ದೇವರ ಮನೆಯಲ್ಲಿ ಕುಳಿತಿದ್ದುದನ್ನು ನೋಡಿದ ಮೇಲೆ ಈ ವಿಷಯವನ್ನು ಮುಂದೂಡುವುದು ನಮ್ಮಿಂದಾಗಲಿಲ್ಲ. ಗ್ಯಾಸ್ ಗೀಸರು ಹಾಕಿಸಿರೆಂದು ಕೆಲವರು ಹೇಳಿದರು. ಗಾಳಿಯಾಡದ ಬಚ್ಚಲಿನಲ್ಲಿ ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡು ಸದ್ದಿಲ್ಲದೆ ಪ್ರಾಣ ತೆಗೆಯುವುದೆಂಬುದನ್ನು ಬಲ್ಲವರಾದ್ದರಿಂದ ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಅಷ್ಟರಲ್ಲಿ ಅಮೆರಿಕದಿಂದ ರಜಕ್ಕೆ ಬಂದಿದ್ದ ನಮ್ಮ ಸೋದರಳಿಯನು, “ಮಾವ, ಹೀಟ್ ಪಂಪು ಏಕೆ ಹಾಕಿಸಬಾರದು? ನಮ್ಮ ಮನೆ ಪೂರ್ತಿ ಅದರಿಂದಲೇ ಬೆಚ್ಚಗಿರುತ್ತೆ” ಎಂದನು.

ಈ ಯಂತ್ರದ ತತ್ತ್ವ ಹೊಸದೇನೂ ಅಲ್ಲ. ನೀರು ತಾನಾಗಿ ಮೇಲಿನಿಂದ ಕೆಳಕ್ಕೆ ಹರಿಯುವಂತೆ ಶಾಖವೂ ಬಿಸಿಯಾದ ವಸ್ತುವಿನಿಂದ ತಣ್ಣಗಿನ ವಸ್ತುವಿಗೆ ಹರಿಯುವುದು ಪ್ರಕೃತಿನಿಯಮ. ಆದರೆ ನಮ್ಮ ಹಿರಿಯರು ಕಪಿಲೆ ಕಟ್ಟಿ, ಎತ್ತುಗಳಿಂದ ಬಾವಿಯ ನೀರನ್ನು ಮೇಲಕ್ಕೆ ಸೇದಿಸಲಿಲ್ಲವೇ? ಎತ್ತುಗಳು ನೀರನ್ನು ಸೃಷ್ಟಿಸುವುದಿಲ್ಲ. ಇದ್ದ ನೀರನ್ನು ಎತ್ತಿ ಕೊಡುವುವು. ಹೀಟ್ ಪಂಪು ಶಾಖದ ಕಪಿಲೆ. ಅದರೊಳಗಿನ ಒಂದು ದ್ರವವು ಸುರುಳಿಯಲ್ಲಿ ಆವಿಯಾಗುತ್ತ ಹೊರಗಿನ ಗಾಳಿಯ ಶಾಖವನ್ನು ಹೀರಿಕೊಳ್ಳುವುದು. ಆ ಆವಿಯನ್ನು ಕಂಪ್ರೆಸರು ಒತ್ತಿದಾಗ ಅದು ಇನ್ನೂ ಬಿಸಿಯಾಗುವುದು. ಆ ಬಿಸಿಯನ್ನು ತೊಟ್ಟಿಯ ನೀರಿಗೆ ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ಹಿಂದಿರುಗುವುದು. ಅಡುಗೆಮನೆಯ ಫ್ರಿಜ್ಜಿನ ಹಿಂಭಾಗವನ್ನು ಮುಟ್ಟಿ ನೋಡಿದ ಗೃಹಿಣಿಯರಿಗೆ ಇದರ ಅರ್ಧ ರಹಸ್ಯ ಆಗಲೇ ತಿಳಿದಿದೆ. ಇಂಥ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ಪಂಡಿತನು, ೧೮೫೨ರಲ್ಲಿಯೇ ತೋರಿಸಿದ್ದನು. ೧೯೩೮ರಲ್ಲಿ ಜೂರಿಕ್ ನಗರದ ಪುರಭವನವನ್ನು ಲಿಮ್ಮಾತ್ ನದಿಯ ನೀರಿನಿಂದ ಶಾಖ ಸೇದಿ ಬೆಚ್ಚಗೆ ಮಾಡಿದರು.

ಲಾಭವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ೨೦೦ ಲೀಟರು ನೀರಿನ ಶಾಖವನ್ನು ೩೦ ಡಿಗ್ರಿಯಷ್ಟು ಏರಿಸಲು ಗೀಸರಿಗೆ ಸುಮಾರು ೭ ಯೂನಿಟ್ ವಿದ್ಯುತ್ತು ಬೇಕು. ಹೀಟ್ ಪಂಪಿಗೆ ಸರಿಯಾಗಿ ನಡೆದರೆ ಎರಡು, ಎರಡೂವರೆ ಯೂನಿಟ್ ಸಾಕು. ಉಳಿದದ್ದು ಗಾಳಿಯ ದಾನ. ಹಿಮ ಬೀಳುವ ದೇಶಗಳಲ್ಲಿ ಸುರುಳಿಯ ಮೇಲೆ ಮಂಜುಗಟ್ಟಿ, ಅದನ್ನು ಕರಗಿಸುವುದಕ್ಕೇ ಒಂದಷ್ಟು ಶಕ್ತಿ ವ್ಯಯವಾಗುವುದು. ಚಳಿಗಾಲದ ಬೆಳಗಿನಲ್ಲಿಯೂ ಸಾಮಾನ್ಯವಾಗಿ ೧೫ ಡಿಗ್ರಿಯ ಸುಮಾರಿನಲ್ಲಿರುವ ಬೆಂಗಳೂರಿನ ಗಾಳಿಗೆ ಆ ಕಾಟವಿಲ್ಲ. ನಮ್ಮ ಸೋದರಳಿಯನ ಮನೆಯಲ್ಲಿರುವಂತೆ ಕೋಣೆ ಕೋಣೆಗೂ ತಗಡಿನ ನಾಳಗಳನ್ನು ಒಯ್ದು ಬಿಸಿಗಾಳಿ ತುಂಬುವ ಅವಶ್ಯಕತೆಯೂ ನಮಗಿಲ್ಲ; ಇಲ್ಲಿ ಬೇಕಾದದ್ದು ಬಿಸಿನೀರು ಮಾತ್ರ. ಆದುದರಿಂದ ಗಾಳಿಯ ನಾಳದ ಚಿಂತೆ ನಮಗೇಕೆಂದು ತಿಳಿದೆವು. ಅಲ್ಲಿಯೇ ನಾವು ತಪ್ಪಿದ್ದು.

೨೦೦ ಲೀಟರಿನ ತೊಟ್ಟಿ, ಅದರ ತಲೆಯ ಮೇಲೆಯೇ ಯಂತ್ರ. ಆಳೆತ್ತರದ ಈ ಬಿಳಿಯ ಕಂಬವನ್ನು ಎಲ್ಲಿ ನಿಲ್ಲಿಸುವುದು? ಬಂದ ಕೆಲಸಗಾರರು ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯನ್ನು ತೋರಿಸಿದರು. ಬಚ್ಚಲಿಗೆ ಹತ್ತಿರ, ಮಳೆಗೆ ಮರೆ, ನಾವೂ ಒಪ್ಪಿದೆವು. ಆ ಕೋಣೆಗೆ ಒಂದೇ ಬಾಗಿಲು, ಒಂದು ಗಾಜಿನ ಕಿಟಕಿ. ರಾತ್ರಿ ಹತ್ತಕ್ಕೆ ಯಂತ್ರ ಹೊರಟು ಬೆಳಗಿನೊಳಗೆ ನೀರು ಕಾಯಬೇಕೆಂದು ಏರ್ಪಾಡಾಯಿತು. ಎರಡು ವಾರ ಎಲ್ಲರೂ ಸಂತೋಷದಿಂದಿದ್ದೆವು. ಆಮೇಲೆ ಒಂದು ಬೆಳಗ್ಗೆ ತಾಯಿಯವರು ಕೇಳಿದರು: “ಏನೋ, ಈ ಕೋಣೆಯಲ್ಲಿಟ್ಟ ಹಾಲು ಹೆಪ್ಪೇ ಆಗೋದಿಲ್ಲವಲ್ಲೋ? ಮೂರು ದಿನದಿಂದ ನೋಡ್ತಾ ಇದ್ದೀನಿ.”

ಹೋಗಿ ನೋಡಿದರೆ ಕೋಣೆಯೆಲ್ಲ ಶೈತ್ಯ. ಗೋಡೆಯ ಮೂಲೆಯಲ್ಲಿ ತೇವ. ಗಾಳಿಯಿಂದ ಶಾಖವನ್ನು ಹೀರಿದ ಮೇಲೆ ಯಂತ್ರವು ತಣ್ಣಗಾದ ಗಾಳಿಯನ್ನು ಹೊರಕ್ಕೆ ಊದುವುದಷ್ಟೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ತಾನು ಊದಿದ ತಣ್ಣನೆಯ ಗಾಳಿಯನ್ನೇ ತಾನು ಮತ್ತೆ ಸೇದುತ್ತಿದ್ದಿತು. ಬತ್ತಿದ ಬಾವಿಯಲ್ಲಿ ಕಪಿಲೆ ಹೊಡೆದಂತಾಯಿತು. ಮೂರೂವರೆ ಗಂಟೆಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಆರು ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದುದು ಆಮೇಲೆ ಗೊತ್ತಾಯಿತು. ಯಂತ್ರ ಮಾರಿದವರಾಗಲಿ ನಿಲ್ಲಿಸಿದವರಾಗಲಿ ಕಾಣದಿದ್ದುದನ್ನು ಮೊಸರಿನ ಕುಡಿಕೆ ಕಂಡುಹಿಡಿಯಿತು.

ಪರಿಹಾರವೆಂದರೆ ಗಾಳಿಯ ನಾಳ. ಯಂತ್ರದ ಬಾಯಿಯಿಂದ ಹೊರಗೋಡೆಯವರೆಗೆ ಒಂದು ನಾಳವನ್ನಿಟ್ಟು, ತಣ್ಣನೆಯ ಗಾಳಿಯನ್ನು ಹಿತ್ತಲಿಗೆ ಬಿಡಬೇಕು. ಕರೆಸಿದ ಮೇಸ್ತ್ರಿ ಒಳ್ಳೆಯ ಕೈಕೆಲಸದವನು. ಆದರೆ ಅವನು ತಂದದ್ದು ೪ ಅಂಗುಲದ ಕೊಳವೆ. ಯಂತ್ರದ ಬಾಯಿ ೬ ಅಂಗುಲ. “ಎರಡಂಗುಲದಲ್ಲಿ ಏನಾಗುತ್ತೆ ಸಾರ್, ಗಾಳಿ ತಾನೆ?” ಎಂದನು. ಎರಡಂಗುಲವೆಂದರೆ ಅಲ್ಪವೆಂದು ತೋರುವುದು ಸಹಜ. ಆದರೆ ಗಾಳಿ ಹೋಗುವ ಜಾಗವನ್ನು ಲೆಕ್ಕಹಾಕಿದರೆ ನಾಲ್ಕಂಗುಲದ ಕೊಳವೆಯಲ್ಲಿ ಆರಂಗುಲದ ಅರ್ಧಕ್ಕಿಂತಲೂ ಕಡಿಮೆ ಉಳಿಯುವುದು. ಅದಲ್ಲದೆ ಅವನು ಕಪಾಟನ್ನು ಬಳಸಿಕೊಂಡು ಹೋಗಲು ಮೂರು ಕಡೆ ಮೊಣಕೈಯಂತೆ ಬಾಗಿಸಿದ್ದನು. ಪ್ರತಿಯೊಂದು ಬಾಗೂ ಗಾಳಿಗೆ ಒಂದು ಅಡ್ಡಗಟ್ಟೆ. ಫ್ಯಾನು ಏದುಸಿರು ಬಿಡತೊಡಗಿತು; ಸದ್ದು ಹೆಚ್ಚಿತು; ನೀರು ಮಾತ್ರ ಮೊದಲಿನಷ್ಟೇ ತಡವಾಗಿ ಕಾಯಿತು.

ಕಡೆಗೆ ಕಪಾಟನ್ನೇ ಕಿತ್ತೆವು. ಆರಂಗುಲದ ನಾಳವನ್ನು ಒಂದೇ ಒಂದು ಬಾಗಿನೊಡನೆ ನೇರವಾಗಿ ಗೋಡೆಯಿಂದಾಚೆಗೆ ಒಯ್ದೆವು. ಹೋಗುವ ಗಾಳಿಗೆ ದಾರಿಯಾದರೆ ಸಾಲದು, ಬರುವ ಗಾಳಿಗೂ ದಾರಿ ಬೇಕು. ಅದಕ್ಕಾಗಿ ಬಾಗಿಲಿನ ಕೆಳಭಾಗದಲ್ಲಿ ಓರೆಪಟ್ಟಿಗಳ ಜಾಲಂದ್ರವನ್ನು ಮಾಡಿಸಿ, ಗಾಜಿನ ಕಿಟಕಿಯ ಸ್ಥಳದಲ್ಲಿ ಸೊಳ್ಳೆಜಾಲರಿ ಹಾಕಿಸಿದೆವು. ತಣ್ಣನೆಯ ನಾಳದ ಹೊರಮೈ ಮಳೆಗಾಲದಲ್ಲಿ ಬೆವರುವುದು. ಆ ಹನಿ ತೊಟ್ಟಿಕ್ಕದಿರಲು ಅದಕ್ಕೆ ರಬ್ಬರಿನಂಥ ಹೊದಿಕೆ ಸುತ್ತಬೇಕು. ಹೊರಬಾಯಿಗೆ ಮಳೆ ನುಗ್ಗದಂತೆ ಇಳಿಮುಖದ ಮುಚ್ಚಿಗೆ, ಪಾರಿವಾಳ ಗೂಡು ಕಟ್ಟದಂತೆ ತಂತಿಯ ಬಲೆ. ಬಲೆ ತೀರ ಸಣ್ಣ ಕಣ್ಣಿನದಾದರೆ ಧೂಳು ಕಟ್ಟಿಕೊಂಡು ಮತ್ತೆ ಹಳೆಯ ಕಥೆಯೇ ಆಗುವುದು. ಯಂತ್ರದೊಳಗೆ ಗಾಳಿಯ ತೇವವೂ ನೀರಾಗಿ ಇಳಿಯುವುದರಿಂದ ಅದರ ಸಣ್ಣ ಕೊಳವೆಯನ್ನು ಇಳಿಜಾರಾಗಿ ಮೋರಿಗೆ ಬಿಡತಕ್ಕದ್ದು. ನಾವು ಅದನ್ನು ತುಳಸಿಯ ಕಟ್ಟೆಯ ಪಕ್ಕದ ದಾಸವಾಳಕ್ಕೆ ತಿರುಗಿಸಿದ್ದೇವೆ.

ನೀರಿನ ಕೊಳವೆಯ ವಿಷಯದಲ್ಲಿಯೂ ಜಿಪುಣತನ ತರವಲ್ಲ. ಮುಕ್ಕಾಲಂಗುಲದ ಕೊಳವೆ ೧೦ ಮೀಟರು ಉದ್ದವಿದ್ದರೆ ಅದರೊಳಗೆ ಸುಮಾರು ೩ ಲೀಟರು ನೀರು ನಿಂತಿರುವುದು. ಪ್ರತಿ ಬೆಳಗ್ಗೆ ಆ ಮೂರು ಲೀಟರು ತಣ್ಣೀರನ್ನು ಚೆಲ್ಲಿದ ಮೇಲೆಯೇ ಬಿಸಿನೀರಿನ ದರ್ಶನ. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿ ತರುವ ಊರಿನಲ್ಲಿ ಇದು ಪಾಪವೆಂದೇ ಹೇಳಬೇಕು. ದೂರ ತಪ್ಪದಿದ್ದರೆ ಕೊಳವೆಗೆ ಉದ್ದಕ್ಕೂ ಹೊದಿಕೆ ಹಾಕಿಸಿ, ಕೆಳಗೊಂದು ಬಕೆಟ್ಟು ಇಡಿರಿ. ಬೋರ್‌ವೆಲ್ ನೀರನ್ನೇ ನಂಬಿದ ಮನೆಗಳಲ್ಲಿ ಇನ್ನೊಂದು ತೊಡಕುಂಟು: ಗಡಸು ನೀರು ಕಾದಾಗ ಸುಣ್ಣ ಕಟ್ಟುವುದು. ನಮ್ಮ ಹಳೆಯ ಗೀಸರನ್ನು ಬಿಚ್ಚಿಸಿದಾಗ ಅದರಿಂದ ಒಂದು ಮೊರದಷ್ಟು ಬಿಳಿಯ ಹಳುಕು ಉದುರಿತು. ತೊಟ್ಟಿಯೊಳಗೆ ತುಕ್ಕನ್ನು ತನ್ನ ಮೈಮೇಲೆ ತೆಗೆದುಕೊಳ್ಳಲೆಂದು ಇಟ್ಟಿರುವ ಮೆಗ್ನೀಸಿಯಂ ಸರಳು ಸವೆದಿದೆಯೇ ಎಂದು ಕಾಲಕಾಲಕ್ಕೆ ನೋಡಿಸಬೇಕು. ಅದು ಮುಗಿದ ಮೇಲೆ ತೊಟ್ಟಿಯ ಸರದಿ. ಅರ್ತಿಂಗು, ಒತ್ತಡ ಹೆಚ್ಚಿದಾಗ ತೆರೆಯುವ ವಾಲ್ವು, ಇವೆರಡನ್ನೂ ಪರೀಕ್ಷಿಸಿ ತೋರಿಸದ ಕೆಲಸಗಾರನಿಗೆ ಕೂಲಿಯ ಕಡೆಯ ಕಂತನ್ನು ಕೊಡದಿರುವುದು ಮೇಲು.

ರಾತ್ರಿ ಯಂತ್ರ ನಡೆಸುವುದನ್ನೂ ನಾವು ನಿಲ್ಲಿಸಿದೆವು. ಮಧ್ಯಾಹ್ನ ಒಂದರಿಂದ ನಾಲ್ಕೂವರೆಯವರೆಗೆ ಗಾಳಿ ಬೆಚ್ಚಗಿರುವುದು. ಆಗ ಸೇದುವ ಶಾಖ ಸುಲಭವಾಗಿ ದೊರಕುವುದು. ಹೊದಿಕೆಯ ತೊಟ್ಟಿಯಲ್ಲಿ ನೀರು ಬೆಳಗಿನವರೆಗೆ ಕೆಲವೇ ಡಿಗ್ರಿ ಇಳಿಯುವುದು. ನೆರೆಮನೆಯ ಮಗುವಿನ ನಿದ್ದೆಗೂ ನಮ್ಮ ಫ್ಯಾನಿನ ಸದ್ದಿನಿಂದ ಬಿಡುಗಡೆಯಾಯಿತು.

ಹಾಗೆಂದು ಎಲ್ಲರೂ ಇದನ್ನೇ ಕೊಳ್ಳಿರೆಂದು ನಾವು ಹೇಳುವುದಿಲ್ಲ. ತಾರಸಿಗೆ ಬಿಸಿಲಿದ್ದವರು ಸೋಲಾರನ್ನು ಬಿಡಬೇಕಾಗಿಲ್ಲ. ಸೂರ್ಯನು ಬಿಲ್ಲು ಕಳುಹಿಸುವವನಲ್ಲ. ಇಬ್ಬರೇ ಇರುವ ಮನೆಗೆ ಸಣ್ಣ ಗೀಸರು ಸಾಕು. ಈ ಯಂತ್ರಕ್ಕೆ ಹಾಕುವ ಬಂಡವಾಳ ಅವರಿಗೆ ಹಿಂದಿರುಗಲು ಬಹಳ ವರ್ಷಗಳಾದಾವು. ಐದಾರು ಜನರಿರುವ, ನೆರಳು ಬಿದ್ದ ಮನೆಗಳವರು ಮಾತ್ರ ಯೋಚಿಸಬೇಕಾದ ವಿಷಯವಿದು. ಅವರು ಅಂಗಡಿಗೆ ಹೋಗುವುದಕ್ಕೆ ಮುಂಚೆ, ತಮ್ಮ ಮನೆಯಲ್ಲಿ ಯಂತ್ರ ಉಸಿರಾಡುವ ಜಾಗ ಯಾವುದೆಂದು ಗೊತ್ತುಮಾಡಿಕೊಳ್ಳಲಿ.

ಈ ಸಲ ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹೊಸದೊಂದು ಪ್ರಶ್ನೆ ಹುಟ್ಟಿತು. ಅರಿಸಿನ ಕುಂಕುಮ ಹಚ್ಚಿ, ಹಿಂಡ್ಲೆಕಾಯಿಯ ಮಾಲೆ ಕಟ್ಟುವುದು ಯಾವುದಕ್ಕೆ? ಬಿಳಿಯ ಕಂಬವನ್ನು ತಾಯಿಯವರು ಎರಡು ಸಲ ಸುತ್ತಿ ನೋಡಿದರು. “ಇದಕ್ಕೆ ಕತ್ತೇ ಇಲ್ಲವಲ್ಲೋ” ಎಂದರು. ಕೊನೆಗೆ ಅಟ್ಟದ ಮೇಲಿದ್ದ ಅತ್ತೆಯ ಕಾಲದ ತಾಮ್ರದ ಹಂಡೆಯನ್ನು ಇಳಿಸಿ, ಹುಣಿಸೆಹಣ್ಣು ಹಾಕಿ ಬೆಳಗಿ, ಸುತ್ತ ರಂಗೋಲಿ ಬಿಟ್ಟು ಮಾಲೆ ಕಟ್ಟಿದ್ದಾಯಿತು. ಮರುದಿನ ನಸುಕಿನಲ್ಲಿ ನಲ್ಲಿಯಿಂದ ಹೊಗೆಯಾಡುವ ನೀರನ್ನು ಅದೇ ಹಂಡೆಗೆ ತುಂಬಿಸಿ, ಮೊದಲ ಚೊಂಬನ್ನು ತಾಯಿಯವರೇ ಮೊಮ್ಮಗನ ಎಣ್ಣೆಯ ತಲೆಯ ಮೇಲೆ ಸುರಿದರು.