ಎಲೆ ಮುದುಡಿದ್ದು ಮೇಲಕ್ಕಾ, ಕೆಳಕ್ಕಾ?

ಇವತ್ತು ರಾಜಕೀಯ ಬೇಡ. ಸ್ವಲ್ಪ ಹೊತ್ತು ಮೆಣಸಿನ ಗಿಡದ ಎಲೆ ಬಗ್ಗೆ ಮಾತಾಡೋಣ.

ಕುರುಗೋಡು ಕಡೆಯ ವೀಕ್ಷಕರೊಬ್ಬರು ನನಗೊಂದು ವಿಡಿಯೋ ಕಳಿಸಿದ್ದರು. ಗುತ್ತಿಗೆ ಹಿಡಿದ ಹೊಲ, ಸೊಂಟದೆತ್ತರ ಬರಬೇಕಾದ ಗಿಡ ಮೊಣಕಾಲಿಗೆ ನಿಂತಿದೆ, ಎಲೆಗಳೆಲ್ಲ ಮುದುಡಿವೆ. "ಸರ್ರ, ಮೂರು ಸಲ ಔಷಧಿ ಹೊಡೆದೀನಿ, ಕಡಿಮೆ ಆಗವಲ್ದು. ಮ್ಯುಟೇಷನ್ ಅಂತಾರಲ್ಲ, ಇದು ಅದಾ?" ಅಂತ ಕೇಳಿದ್ದರು. ನಮ್ಮ ಡೆಸ್ಕಿನಲ್ಲಿ ಅಷ್ಟೊತ್ತಿಗೆ ಸ್ಕ್ರೋಲ್ ರೆಡಿ: 'ಮೆಣಸಿಗೆ ನಿಗೂಢ ರೋಗ'. ನಾನೂ ಯೋಚನೆ ಮಾಡದೆ ಅದನ್ನೇ ಓದಿಬಿಟ್ಟೆ. ಆಮೇಲೆ ಕೂತು ಓದಿದಾಗ ಗೊತ್ತಾಯ್ತು, ಅದರಲ್ಲಿ ನಿಗೂಢ ಅನ್ನೋದು ಏನೂ ಇರಲಿಲ್ಲ.

ಮೊದಲು ಮ್ಯುಟೇಷನ್ ವಿಚಾರ ಮುಗಿಸಿಬಿಡೋಣ. ಜೀನ್‌ನಲ್ಲಿ ಆಗುವ ಬದಲಾವಣೆ ಅದು. ಸಾವಿರ ಗಿಡದಲ್ಲಿ ಎಲ್ಲೋ ಒಂದು ಗಿಡದಲ್ಲಿ ಅಥವಾ ಒಂದೇ ಕೊಂಬೆಯಲ್ಲಿ ಕಾಣಿಸಿಕೊಳ್ಳುತ್ತೆ. ಹತ್ತಿಯಲ್ಲಿ ಬೆಂಡೆ ಎಲೆಯ ಹಾಗೆ ಸೀಳಿದ ಎಲೆ ಬಿಡುವ ತಳಿಗಳಿವೆ, ಅದು ನಿಜವಾದ ಮ್ಯುಟೇಷನ್, ಬೀಜದಿಂದ ಬೀಜಕ್ಕೆ ಹೋಗುತ್ತೆ. ಆದರೆ ಹದಿನೈದು ದಿನದಲ್ಲಿ ಎರಡು ಎಕರೆಗೆ ಎರಡು ಎಕರೆಯೂ ಮುದುಡಿಕೊಂಡರೆ ಅದು ಜೀನ್ ಕೆಲಸ ಅಲ್ಲ ಸ್ವಾಮಿ. ಹೊರಗಿನಿಂದ ಯಾರೋ ಬಂದಿದ್ದಾರೆ.

ಯಾರು ಅಂತ ಎಲೆಯೇ ಹೇಳುತ್ತೆ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿ ಹಾಗೆ ಆಗಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ ದೋಣಿ ಬೋರಲು ಹಾಕಿದ ಹಾಗಿದ್ದು, ಎಲೆಯ ತೊಟ್ಟು ಉದ್ದ ಆಗಿದ್ದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ, ಸುಕ್ಕುಗಟ್ಟಿ, ಗೆಣ್ಣುಗಳು ಹತ್ತಿರ ಬಂದು ಗಿಡ ಪೊದೆಯಾಗಿದ್ದರೆ ಬಿಳಿ ನೊಣ ತಂದ ವೈರಸ್. ಕನ್ನಡದಲ್ಲಿ ನಾವು ಮಾಡಿಕೊಂಡಿರೋ ಗೊಂದಲ ನೋಡಿ: ಮೂರಕ್ಕೂ 'ಮುಟುರು' ಅಂತೀವಿ, ಮೊದಲೆರಡನ್ನೂ 'ನುಸಿ' ಅಂತೀವಿ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನದು, ಜೇಡದ ಸಂಬಂಧಿ. ಕೀಟಕ್ಕೆ ಹೊಡೆಯುವ ಎಷ್ಟೋ ಔಷಧಿ ಮೈಟಿಗೆ ನಾಟೋದೇ ಇಲ್ಲ. ಕೆಲವು ಪೈರೆಥ್ರಾಯ್ಡ್ ಔಷಧಿಗಳಂತೂ ಮೈಟ್ ತಿನ್ನುವ ಒಳ್ಳೆಯ ಹುಳಗಳನ್ನು ಕೊಂದು ಮೈಟಿಗೇ ದಾರಿ ಮಾಡಿಕೊಡುತ್ತವೆ. ಹೊಡೆದಷ್ಟೂ ಜಾಸ್ತಿ! ಇಂಜಿನಿಯರಿಂಗ್ ಓದುವಾಗ ಪ್ರೋಗ್ರಾಮಿನಲ್ಲಿ ತಪ್ಪೆಲ್ಲಿದೆ ಅಂತ ನೋಡದೆ ಸಿಕ್ಕಸಿಕ್ಕ ಸಾಲು ಬದಲಾಯಿಸುತ್ತಿದ್ದ ಗೆಳೆಯರಿದ್ದರು, ನಾನೂ ಒಬ್ಬ. ಅಲ್ಲಿ ಹೋಗುತ್ತಿದ್ದದ್ದು ನಿದ್ದೆ ಮಾತ್ರ. ಇಲ್ಲಿ ಸಾಲ ಬೆಳೆಯುತ್ತೆ.

2021 ನೆನಪಿದೆಯಲ್ಲ? ಆಂಧ್ರ, ತೆಲಂಗಾಣದ ಜೊತೆ ನಮ್ಮ ಕರ್ನಾಟಕದ ಮೆಣಸಿಗೂ ಬಂದ ಕಪ್ಪು ಥ್ರಿಪ್ಸ್. ಆಗ್ನೇಯ ಏಷ್ಯಾ ಮೂಲದ ಈ ಕೀಟ ಭಾರತದಲ್ಲಿ ಮೊದಲು ವರದಿಯಾಗಿದ್ದು 2015ರಲ್ಲಿ, ನಮ್ಮ ಬೆಂಗಳೂರಿನ ಪಪ್ಪಾಯದ ಮೇಲೆ. ಹಳೇ ಥ್ರಿಪ್ಸ್ ಎಲೆಯ ರಸ ಹೀರಿಕೊಂಡಿದ್ದರೆ, ಇದು ನೇರವಾಗಿ ಹೂವಿನೊಳಗೇ ಗುಂಪುಗುಂಪಾಗಿ ಕೂರುತ್ತೆ. ಹೂ ಉದುರಿದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಇದರ ಕೋಶಾವಸ್ಥೆ ಮಣ್ಣಿನಲ್ಲಿ, ಹಾಗಾಗಿ ಗಿಡದ ಮೇಲೆ ಎಷ್ಟು ಹೊಡೆದರೂ ಕೆಳಗಿನಿಂದ ಮತ್ತೆ ಏಳುತ್ತೆ. ಬ್ಯಾಡಗಿ ಮಾರುಕಟ್ಟೆಗೆ ಲಾರಿ ತುಂಬಬೇಕಿದ್ದ ಎಷ್ಟೋ ಜನ ಆ ವರ್ಷ ಹೊಲವನ್ನೇ ಹರಗಿಬಿಟ್ಟರು.

ಸಿರುಗುಪ್ಪದ ಕಡೆಯದು ಬೇರೆಯೇ ಕಥೆ. ಅಲ್ಲಿಂದ ಬಂದ ಫೋಟೋದಲ್ಲಿ ಹತ್ತಿ ಎಲೆ ಬೆರಳು ಬೆರಳಾಗಿ ಸೀಳಿತ್ತು, ಕೆಳಗೆ 'ಹತ್ತಿ ಗಿಡ ಗಾಂಜಾ ಎಲೆ ಬಿಟ್ಟಿದೆ' ಅಂತ ಬರಹ. ನಗು ಬಂತು ನಿಜ. ಆದರೆ ಪಕ್ಕದಲ್ಲಿ ಭತ್ತದ ಗದ್ದೆ ಇದೆಯಾ ಅಂತ ಕೇಳಿದೆ. ಇತ್ತು. ಭತ್ತದಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ಗಿಡದ ಬೆಳವಣಿಗೆ ಹಾರ್ಮೋನನ್ನು ಅನುಕರಿಸುವ ಔಷಧಿ. ಹತ್ತಿಗೆ ಅದು ಗಾಳಿಯಲ್ಲಿ ಒಂಚೂರು ತೇಲಿ ಬಂದರೂ ಸಾಕು, ಹೊಸ ಎಲೆ ಹೀಗೇ ಬರುತ್ತೆ. ಗಾಳಿ ಬಂದ ಕಡೆಯ ಸಾಲುಗಳಲ್ಲಿ ಜಾಸ್ತಿ, ದೂರ ಹೋದಂತೆ ಕಡಿಮೆ. ಅದೇ ಕ್ಯಾನಿನಲ್ಲಿ ತೊಳೆಯದೆ ಹತ್ತಿಗೆ ಔಷಧಿ ಹೊಡೆದರೂ ಇದೇ ಗತಿ.

ಕುರುಗೋಡಿನವರಿಗೆ ವಾಪಸ್ ಫೋನ್ ಮಾಡಿ, ಎಲೆ ಮೇಲಕ್ಕಾ ಕೆಳಕ್ಕಾ ಅಂತ ಕೇಳಿದೆ. "ಕೆಳಕ್ಕ್ರಿ" ಅಂದರು. ಅಂಗಡಿಯವರು ಕೊಟ್ಟು ಕಳಿಸಿದ್ದು ಮೂರು ಸಲವೂ ಥ್ರಿಪ್ಸ್ ಔಷಧಿ. ಗಿಡ ಕಿತ್ತುಕೊಂಡು ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ ಅಂದೆ, ಹೋದರು. ಮೈಟ್ ಅಂತಲೇ ಹೇಳಿದರಂತೆ. ಬದುವಿನ ಹತ್ತಿರದ ಹದಿನೈದಿಪ್ಪತ್ತು ಗಿಡಕ್ಕೆ ಮಾತ್ರ ವೈರಸ್, ಅದಕ್ಕೆ ಮದ್ದಿಲ್ಲ, ಕಿತ್ತು ಸುಡಿ ಅಂದರಂತೆ. ಸುಟ್ಟ ಫೋಟೋನೂ ಕಳಿಸಿದ್ದಾರೆ. ಉಳಿದ ಗಿಡದಲ್ಲಿ ಹೊಸ ಚಿಗುರು ನೆಟ್ಟಗೆ ಬರ್ತಿದೆಯಂತೆ. ಮೊದಲ ಮೂರು ಸಿಂಪಡಣೆಯ ಬಾಕಿ ಮಾತ್ರ ಅಂಗಡಿಯ ಖಾತೆಯಲ್ಲಿ ಹಾಗೇ ಇದೆ.